ಭಂಡಾರದ ಬೆರಳು

ಹೊಸಹಳ್ಳಿ ಹೋಬಳಿ, ಕೂಡ್ಲಿಗಿ ತಾಲ್ಲೂಕು
೨ ಜನವರಿ ೨೦೨೫

ಶೃತಿ,

ಫೋನ್ ಇರುವಾಗ ಕಾಗದ ಯಾಕೆ ಅಂತ ನಗಬೇಡ. ಫೋನ್ ಎತ್ತಿದರೆ ನಿಮ್ಮವ್ವ "ಸ್ಪೀಕರಿಗೆ ಹಾಕು, ಮಗಳ ದನಿ ನಾನೂ ಕೇಳ್ತೀನಿ" ಅಂತಾರೆ. ಕಾಗದಕ್ಕೆ ಸ್ಪೀಕರ್ ಇಲ್ಲ. ನೀನು ಬರೆದರೂ ಮನೆಗೆ ಬರೆಯಬೇಡ, ನನ್ನ ಅಂಗನವಾಡಿಯ ವಿಳಾಸಕ್ಕೆ ಬರೆ.

ಬೀರೇಶನ ಎದೆಯಲ್ಲಿ ತೂತಿದೆ. ಏಳು ತಿಂಗಳ ಕೂಸು ಹಾಲು ಕುಡಿಯುವಾಗ ಹಣೆಯೆಲ್ಲ ಬೆವರುತ್ತಿತ್ತು, ಎರಡು ಗುಟುಕಿಗೆ ದಮ್ಮು ಹತ್ತಿ ಬಿಟ್ಟುಬಿಡುತ್ತಿತ್ತು. ಊರ ಮಕ್ಕಳನ್ನೆಲ್ಲ ತೂಗುವ ನಾನು ನನ್ನ ಮಗನನ್ನು ತೂಗಿದರೆ ಮುಳ್ಳು ಎರಡು ತಿಂಗಳಿಂದ ಅಲ್ಲೇ ನಿಂತಿತ್ತು. ದಾವಣಗೆರೆಯಲ್ಲಿ ಸ್ಕ್ಯಾನ್ ಮಾಡಿಸಿದೆ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆ ಪೂರ್ತಿ ಮುಚ್ಚಿಲ್ಲ. ಹುಬ್ಬಳ್ಳಿಗೆ ಬರೆದುಕೊಟ್ಟಿದ್ದಾರೆ. ಮೂರು ತಿಂಗಳೊಳಗೆ ಆಪರೇಷನ್ ಆಗಬೇಕು, ತಡವಾದರೆ ಶ್ವಾಸಕೋಶ ಕೆಡುತ್ತದೆ. ಸರ್ಕಾರದ ಕಾರ್ಡಿನಲ್ಲಿ ಆಗುತ್ತದೆ, ದುಡ್ಡಿನ ಮಾತಿಲ್ಲ.

ಮಾತಿರುವುದು ನನ್ನ ಬಾಯಿಯದು. ಬಸುರಿದ್ದಾಗ ನಾನು ಹೊಸಪೇಟೆಯಲ್ಲಿ ಅಂಗನವಾಡಿಯವರ ಧರಣಿಗೆ ಕೂತಿದ್ದೆನಲ್ಲ, ಮೂರು ದಿನ ಬಿಸಿಲಲ್ಲಿ ಘೋಷಣೆ ಕೂಗಿದ್ದೆನಲ್ಲ, ಅದಕ್ಕೇ ಕೂಸಿನ ಎದೆ ಹರಿಯಿತಂತೆ. ಇದು ನಿಮ್ಮಪ್ಪನ ತೀರ್ಪು. "ತಾಯಿ ಒದರಿದ್ರ ಕೂಸಿನ ಎದಿ ತಡೀತತೇನು?" ಅಂದರು. ನಾನು ಬೀರಪ್ಪನ ಗುಡಿ ಮುಂದೆ ತಪ್ಪು ಕಾಣಿಕೆ ಹಾಕಬೇಕು, ತಪ್ಪು ನನ್ನದು ಅಂತ ಮಂದಿಯ ಎದುರು ಹೇಳಬೇಕು. ಆಮೇಲೆ ಆಪರೇಷನ್. ಅಲ್ಲಿಯವರೆಗೆ ನಿಮ್ಮಣ್ಣ ಸಹಿ ಮಾಡುವುದಿಲ್ಲ.

ನಾನು ಹಾಕುವುದಿಲ್ಲ. ಆದರೆ ಕೂಸು ದಿನಾ ಬೆವರುತ್ತದೆ, ಶೃತಿ.

ನೀನು ಪುಣೆಯಲ್ಲಿ ಹೃದಯದ್ದೇ ಸಂಶೋಧನೆ ಮಾಡುತ್ತೀ. ಹರಪನಹಳ್ಳಿ ಹಾಸ್ಟೆಲ್ಲಿನಲ್ಲಿ ನನ್ನ ತಟ್ಟೆಯಲ್ಲಿ ಉಂಡವಳು, ನನ್ನನ್ನು ಹಲವಾಗಲಿನಿಂದ ಈ ಮನೆಗೆ ಸೊಸೆ ಮಾಡಿ ತಂದವಳು ನೀನೇ. ಒಂದು ಕಾಗದ ಬರೆದುಕೊಡು: ಇದು ತಾಯಿಯ ತಪ್ಪಲ್ಲ ಅಂತ. ಕೆಳಗೆ ಸೀಲ್ ಹಾಕಿಸು. ಇಲ್ಲಿ ಸೀಲಿಗೆ ಮರ್ಯಾದೆ ಇದೆ.

ಉಚ್ಚಂಗೆಮ್ಮ


ಪುಣೆ
೧೨ ಜನವರಿ ೨೦೨೫

ಉಚ್ಚಂಗಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮಗುವಿನ ಬೆವರಿನ ಮಾತು ಬಂದಲ್ಲಿ ಪ್ರತಿ ಸಲವೂ ನಿಂತೆ.

ನಾನು ಮಾಡುವ ಕೆಲಸ ಇಷ್ಟು. ಕಾವಿಗಿಟ್ಟ ಕೋಳಿ ಮೊಟ್ಟೆಯ ಚಿಪ್ಪಿನಲ್ಲಿ ಉಗುರಗಲದ ಕಿಟಕಿ ಕೊರೆದು ಒಳಗೆ ನೋಡುತ್ತೇನೆ. ಮೊದಲ ದಿನ ಅಲ್ಲಿ ಹೃದಯವೇ ಇಲ್ಲ. ಎಡಕ್ಕೊಂದು ಬಲಕ್ಕೊಂದು ಜೀವಕೋಶಗಳ ಗುಂಪು, ಅಷ್ಟೆ. ಪಕ್ಕದ ಪದರದಿಂದ ಅವಕ್ಕೆ ಒಂದು ಸಂಕೇತ ಬರುತ್ತದೆ: ನೀವು ಹೃದಯವಾಗಿ. ಇನ್ನೊಂದು ಕಡೆಯಿಂದ ಬೇರೆ ಸಂಕೇತ: ಆಗಬೇಡಿ. ಯಾವ ಕೋಶಕ್ಕೆ ಯಾವುದು ಎಷ್ಟು ಮುಟ್ಟಿತು ಎಂಬುದರ ಮೇಲೆ ಒಳಗಿನ ಜೀನ್‌ಗಳು ಒಂದೊಂದಾಗಿ ಎಚ್ಚರಾಗುತ್ತವೆ. ಎರಡೂ ಗುಂಪು ನಡುವಿಗೆ ಬಂದು ಕೂಡಿ ಕೊಳವೆಯಾಗುತ್ತದೆ. ಮೂವತ್ತಾರು ತಾಸಿನ ಆಸುಪಾಸಿನಲ್ಲಿ ಅದು ಮಿಡಿಯತೊಡಗುತ್ತದೆ. ಕೊಳವೆ ಬಲಕ್ಕೆ ಬಾಗುತ್ತದೆ. ಕೋಣೆಗಳ ಗೋಡೆ ಏಳುವುದು ಆಮೇಲೆ. ಮನುಷ್ಯರಲ್ಲೂ ಕ್ರಮ ಹೆಚ್ಚುಕಡಿಮೆ ಇದೇ, ದಿನಗಳು ಹೆಚ್ಚು.

ನೀನು ಕೇಳಿದ ಕಾಗದವನ್ನು ನಾನು ಕೊಡಲಾರೆ. ನಾನು ಡಾಕ್ಟರಲ್ಲ. ಒಂದು ಮಗುವಿನ ವಿಷಯದಲ್ಲಿ ಇದೇ ಕಾರಣ, ಇದಲ್ಲ ಎಂದು ಖಂಡಿತ ಹೇಳಲು ಬರುವುದಿಲ್ಲ. ಎಷ್ಟೋ ಸಲ ಕಾರಣವೇ ಗೊತ್ತಾಗುವುದಿಲ್ಲ. ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನ ತಾರೀಕು ಬರೆದಿರುತ್ತಾರೆ, ಅದನ್ನು ಕಳಿಸು. ಧರಣಿಯ ತಾರೀಕನ್ನೂ ಕಳಿಸು.

ಶೃತಿ


ಹೊಸಹಳ್ಳಿ ಹೋಬಳಿ
೨೦ ಜನವರಿ ೨೦೨೫

ಶೃತಿ,

"ಖಂಡಿತ ಹೇಳಲು ಬರುವುದಿಲ್ಲ." ಆಹಾ! ನಿಮ್ಮಪ್ಪನಿಗೆ ಬರುತ್ತದೆ ನೋಡು. ಏನೂ ಓದದವರು ಖಂಡಿತ ಹೇಳುತ್ತಾರೆ, ಎಲ್ಲ ಓದಿದವಳು ತೊದಲುತ್ತಾಳೆ. ನಡುವೆ ಸಿಕ್ಕಿಕೊಂಡವಳು ನಾನು.

ನಿನ್ನ ಕೆಲಸ ಏನು ಅಂತ ನಿಮ್ಮವ್ವನಿಗೆ ವಿವರಿಸಿದೆ. ಅವರು ಅಂದದ್ದು: "ತತ್ತಿ ಒಡಿಯಾಕ ಪುಣೇಕ ಯಾಕ ಹೋಗಬೇಕಿತ್ತು? ಇಲ್ಲೇ ಒಡೆದಿದ್ರ ಪಲ್ಯ ಆದ್ರೂ ಆಗ್ತಿತ್ತು." ನಗು ಬಂತು. ಈ ತಿಂಗಳು ನಾನು ನಕ್ಕದ್ದು ಅದೊಂದೇ ಸಲ.

ತಗೋ ನಿನ್ನ ತಾರೀಕು. ಕೊನೆಯ ಮುಟ್ಟು ೨೦೨೩ರ ಆಗಸ್ಟ್ ೨೦. ಧರಣಿ ಡಿಸೆಂಬರ್ ೧೮ರಿಂದ ೨೦. ಮೊನ್ನೆ ನಿಮ್ಮಣ್ಣ ರಾಮಾಂಜಿನಿಗೆ ಕೇಳಿದೆ, ನೀನು ಏನಂತೀ ಅಂತ. ಕುರಿಗೆ ಮೇವು ಹುಡುಕಿಕೊಂಡು ಹಡಗಲಿ ಕಡೆಗೆ ಹೊಂಟವನು ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಳ್ಳುತ್ತ "ಅಪ್ಪ ಹೇಳಿದಂಗ" ಅಂದ. ಎರಡು ಮಾತಿಗಿಂತ ಹೆಚ್ಚು ಆಡಿದರೆ ಅವನಿಗೆ ಕುರಿ ತಪ್ಪಿಸಿಕೊಳ್ಳುತ್ತವೆ.

ಇನ್ನೊಂದು ತಮಾಷೆ ಕೇಳು. ಹೆಸರಿಡುವ ದಿನ ಇದೇ ಕೂಸಿನ ಕೈ ನೋಡಿ ಇವರೆಲ್ಲ ಕುಣಿದಿದ್ದರು. ಬೀರೇಶನ ಹೆಬ್ಬೆರಳು ಹೆಬ್ಬೆರಳಿನಂತಿಲ್ಲ. ಉದ್ದಕ್ಕೆ, ಮೂರು ಗೆಣ್ಣಿನದು, ಉಳಿದ ನಾಲ್ಕರ ಸಾಲಿಗೇ ನಿಲ್ಲುತ್ತದೆ. ನಿಮ್ಮಪ್ಪನದೇ ಬೆರಳು. ಭಂಡಾರದ ಬೆರಳು ಅಂತ ಅರಿಶಿನ ಹಚ್ಚಿ, ಬೆಳ್ಳಿ ಉಂಗುರ ತೊಡಿಸಿ, "ನಮ್ಮ ರಕ್ತ, ನಮ್ಮ ರಕ್ತ" ಅಂದರು. ಮುಂದೆ ಗುಡಿಯ ಭಂಡಾರದ, ಅಂದರೆ ಬೀರಪ್ಪನ ಅರಿಶಿನದ, ಚೀಲ ಹಿಡಿಯುವವನು ಇವನೇ ಅಂತ ಅವತ್ತೇ ತೀರ್ಮಾನ. ಬೆರಳು ಇವರದು. ತೂತು ನನ್ನದು.

ಉಚ್ಚಂಗೆಮ್ಮ


ಪುಣೆ
೨೯ ಜನವರಿ ೨೦೨೫

ಉಚ್ಚಂಗಿ,

ಲೆಕ್ಕ ಹಾಕಿದೆ. ಇದನ್ನು ಧೈರ್ಯವಾಗಿ ಹೇಳಬಲ್ಲೆ.

ಗರ್ಭ ಕಟ್ಟಿದ್ದು ಸೆಪ್ಟೆಂಬರ್ ೩ರ ಆಸುಪಾಸು. ಮಗುವಿನ ಹೃದಯ ಮೊದಲ ಸಲ ಮಿಡಿದದ್ದು ಸುಮಾರು ಸೆಪ್ಟೆಂಬರ್ ೨೫ಕ್ಕೆ. ಆಗ ಅದು ಎಳ್ಳು ಕಾಳಿನಷ್ಟಿತ್ತು. ನೀನು ಬಸುರಿ ಎಂದು ನಿನಗೇ ಖಾತ್ರಿ ಇದ್ದಿರಲಾರದು. ಗೋಡೆಗಳು ಎದ್ದು ಕೂಡುವ ಕೆಲಸ ಅಕ್ಟೋಬರ್ ಕೊನೆಯ ಹೊತ್ತಿಗೆ ಮುಗಿದಿತ್ತು. ಕೂಡದ ಜಾಗ ಕೂಡದೇ ಉಳಿದದ್ದೂ ಆಗಲೇ. ನೀನು ಧರಣಿಗೆ ಕೂತದ್ದು ಅದಾಗಿ ಏಳು ವಾರದ ಮೇಲೆ. ಕಟ್ಟಿ ಮುಗಿದ ಗೋಡೆಯನ್ನು ಘೋಷಣೆ ಹರಿಯುವುದಿಲ್ಲ. ಇದನ್ನು ಯಾರೆದುರಿಗಾದರೂ ಓದು.

ಒಂದು ಮಾತು. ಅಪ್ಪನಿಗೆ ಈಚೆಗೆ ತಲೆ ಸುತ್ತು ಬರುತ್ತದೆಯೇ? ಏಳುವಾಗ ಗೋಡೆ ಹಿಡಿಯುತ್ತಾನೆಂದು ಅವ್ವ ಒಮ್ಮೆ ಅಂದಿದ್ದಳು. ಅಣ್ಣ ಹೇಗಿದ್ದಾನೆ? ಸುಮ್ಮನೆ ಕೇಳಿದೆ.

ಶೃತಿ


ಹೊಸಹಳ್ಳಿ ಹೋಬಳಿ
೬ ಫೆಬ್ರವರಿ ೨೦೨೫

ಶೃತಿ,

ನಿನ್ನ ಕಾಗದ ಹಿಡಿದುಕೊಂಡು ಅಂಗನವಾಡಿಯ ಹಳೇ ಹಾಜರಿ ಪುಸ್ತಕ ತೆಗೆದೆ. ೨೦೨೩ರ ಸೆಪ್ಟೆಂಬರ್ ೨೫, ಸೋಮವಾರ. ಹದಿನೇಳು ಮಕ್ಕಳು ಹಾಜರು, ಇಬ್ಬರಿಗೆ ಜ್ವರ ಅಂತ ಬರೆದಿದ್ದೇನೆ. ಅವತ್ತು ನಾನು ಹದಿನೇಳು ಕೂಸುಗಳಿಗೆ ಉಣ್ಣಲು ಬಡಿಸುವಾಗ ಹದಿನೆಂಟನೆಯದು ನನಗೆ ಹೇಳದೇ ಕೇಳದೇ ಎದೆ ಬಡಿಯಲು ಶುರು ಮಾಡಿತ್ತು.

ಆಮೇಲೆ ಮನೆಗೆ ಹೋಗಿ ನಿನ್ನ ತಾರೀಕುಗಳನ್ನು ಗಟ್ಟಿಯಾಗಿ ಓದಿದೆ. ನಿಮ್ಮಪ್ಪ ಪೂರ್ತಿ ಕೇಳಿದರು. ಕೇಳಿ ಏನಂದರು ಗೊತ್ತಾ? "ಹಂಗಾದ್ರ ಒದರಿದ್ದಕ್ಕಲ್ಲ ಬಿಡು. ಒದರೋ ಬುದ್ಧಿ ಮೊದಲ ಹೊಟ್ಯಾಗ ಇತ್ತಲ್ಲ, ಅದಕ್ಕ!"

ಹೇಳು, ಇದಕ್ಕೆ ನಿನ್ನ ಯಾವ ಮೊಟ್ಟೆಯಲ್ಲಿ ಉತ್ತರವಿದೆ? ತಾರೀಕು ಸುಳ್ಳಾದರೆ ಕಾರಣ ಬದಲಾಗುತ್ತದೆ, ಅಪರಾಧಿ ಬದಲಾಗುವುದಿಲ್ಲ. ಮೊದಲು ತೀರ್ಪು, ಆಮೇಲೆ ಸಾಕ್ಷಿ. ಹಲವಾಗಲಿನಂಥ ಹೊಳೆಸಾಲಿನ ಹೆಣ್ಣು ತಂದದ್ದೇ ತಪ್ಪು ಅಂತಲೂ ಒಂದು ಮಾತು ಬಂತು. ಶಿವರಾತ್ರಿ ಮರುದಿನ ಅಮಾವಾಸ್ಯೆಗೆ, ೨೭ನೇ ತಾರೀಕು ಗುಡಿಕಟ್ಟೆಗೆ ಹಿರಿಯರು ಸೇರುತ್ತಾರೆ. ನಾನು ತಪ್ಪು ಕಾಣಿಕೆ ಹಾಕಬೇಕು, ಕೆಲಸವನ್ನೂ ಸಂಘವನ್ನೂ ಬಿಡುತ್ತೇನೆ ಅನ್ನಬೇಕು.

ಬಿಡು ಅದನ್ನ. ಈಗ ನಿನ್ನನ್ನು ಕೇಳುತ್ತೇನೆ. ನಾನು ಬೆರಳಿನ ವಿಷಯ ಅಷ್ಟು ಬರೆದೆ. ನೀನು ಅದರ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಆ ಬೆರಳು ನಿನಗೂ ಇದೆ, ಶೃತಿ. ಹಾಸ್ಟೆಲ್ಲಿನಲ್ಲಿ ನೀನು ಪೆನ್ನನ್ನು ತೋರುಬೆರಳು ನಡುಬೆರಳಿನ ಸಂದಿಯಲ್ಲಿ ಹಿಡಿದು ಬರೆಯುತ್ತಿದ್ದೆ. ಫೋಟೋ ತೆಗೆಯುವಾಗ ಕೈಯನ್ನು ದುಪಟ್ಟಾದೊಳಗೆ ಇಡುತ್ತಿದ್ದೆ. ಹೆಣ್ಣಿನ ಬೆರಳಿಗೆ ಚೀಲ ಇಲ್ಲ ಅಂತ ನಿಮ್ಮ ಮನೆಯವರು ನಿನ್ನನ್ನು ಓದಲು ಬಿಟ್ಟರು ಅಂತ ನೀನೇ ನಕ್ಕು ಹೇಳಿದ್ದೆ. ಮತ್ತೆ ನಿಮ್ಮಪ್ಪನ ತಲೆ ಸುತ್ತು ಯಾಕೆ ಕೇಳಿದೆ? ಸುತ್ತು ಬರುತ್ತದೆ, ವಾರಕ್ಕೆರಡು ಸಲ. ನೀನು ಸುಮ್ಮನೆ ಕೇಳುವವಳಲ್ಲ.

ಉಚ್ಚಂಗೆಮ್ಮ


ಹೊಸಹಳ್ಳಿ ಹೋಬಳಿ
೧೪ ಫೆಬ್ರವರಿ ೨೦೨೫

ನಿನ್ನ ಕಾಗದ ಬರಲಿಲ್ಲ. ಫೋನ್ ಮಾಡಿದರೆ "ಲ್ಯಾಬಿನಲ್ಲಿದ್ದೇನೆ" ಅಂತೀ. ಮಗ ನಿನ್ನೆ ಕೆಮ್ಮಿನಿಂದ ಉಸಿರು ಎಳೆದ, ಕೊಟ್ಟೂರಿಗೆ ಓಡಿದೆ. ಇನ್ನು ಹದಿಮೂರು ದಿನ. ನಾನು ಸೋತು ಕಾಣಿಕೆ ಹಾಕಿಬಿಟ್ಟರೆ ಆ ಪಾಪ ಕಟ್ಟೆಯ ಮೇಲಿನವರದಷ್ಟೇ ಅಲ್ಲ.

ಉ.


ಪುಣೆ
೧೫ ಫೆಬ್ರವರಿ ೨೦೨೫

ಉಚ್ಚಂಗಿ,

ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನಾನು ಕಲಿಯುವ ಜೀನ್‌ಗಳಲ್ಲಿ ಒಂದರ ಹೆಸರು ಟಿಬಿಎಕ್ಸ್-೫. ಅದು ಉಳಿದ ಜೀನ್‌ಗಳಿಗೆ ಅಪ್ಪಣೆ ಕೊಡುವ ಜೀನ್. ಭ್ರೂಣದಲ್ಲಿ ಅದು ಮುಖ್ಯವಾಗಿ ಎರಡು ಕಡೆ ಎಚ್ಚರಾಗಿರುತ್ತದೆ. ಒಂದು, ಹೃದಯದ ಕೋಣೆಗಳ ನಡುವೆ ಗೋಡೆ ಏಳುವಲ್ಲಿ. ಇನ್ನೊಂದು, ಕೈ ಮೊಳೆಯುವಲ್ಲಿ. ಅಪ್ಪನಿಂದ ಒಂದು ಪ್ರತಿ, ಅವ್ವನಿಂದ ಒಂದು ಪ್ರತಿ ಬರುತ್ತದೆ. ಒಂದು ಕೆಟ್ಟಿದ್ದರೂ ಅಪ್ಪಣೆ ಅರ್ಧಕ್ಕೆ ಇಳಿಯುತ್ತದೆ. ಗೋಡೆ ಅರ್ಧಕ್ಕೆ ನಿಲ್ಲಬಹುದು. ಹೆಬ್ಬೆರಳು ದಾರಿ ತಪ್ಪಿ ಬೆರಳಾಗಬಹುದು. ಬೆರಳು, ತೂತು ಎರಡೂ ಒಂದೇ ಕಡೆಯಿಂದ ಬಂದವು, ಉಚ್ಚಂಗಿ. ನೀನು ಸಿಟ್ಟಿನಲ್ಲಿ ಬರೆದ ಸಾಲು ವಿಜ್ಞಾನವೇ ಆಗಿತ್ತು. ಅದಕ್ಕೇ ನಾನು ಅದನ್ನು ಮುಟ್ಟಲಿಲ್ಲ.

ಮಗುವಿನ ರಕ್ತ ಪರೀಕ್ಷೆ ಆಗುವವರೆಗೆ ಪೂರ್ತಿ ಖಾತ್ರಿ ಅನ್ನಲಾರೆ. ನನ್ನದು ಖಾತ್ರಿ. ೨೦೨೩ರ ಫೆಬ್ರವರಿಯಲ್ಲಿ ನನ್ನ ಕೈ ನೋಡಿದ ಒಬ್ಬ ಡಾಕ್ಟರು ಎದೆಯ ಸ್ಕ್ಯಾನ್ ಮಾಡಿಸಿದರು. ಮೇಲಿನ ಎರಡು ಕೋಣೆಗಳ ನಡುವೆ ನನಗೂ ತೂತಿದೆ, ಸಣ್ಣದು. ರಕ್ತದಲ್ಲಿ ಕೆಟ್ಟ ಪ್ರತಿಯೂ ಸಿಕ್ಕಿತು. ನೀನು ಬಸುರಾಗುವುದಕ್ಕೆ ಆರು ತಿಂಗಳ ಮುಂಚೆ.

ಹೇಳಲಿಲ್ಲ. ಅಣ್ಣನ ಬೆರಳು ನೆಟ್ಟಗಿದೆ, ಅವನಿಗೆ ಇದು ಬಂದಿಲ್ಲ ಎಂದುಕೊಂಡೆ. ಅದು ತಪ್ಪು, ಕೆಲವರಲ್ಲಿ ಮಣಿಕಟ್ಟಿನ ಮೂಳೆಯ ಎಕ್ಸ್-ರೇಯಲ್ಲಷ್ಟೇ ಕಾಣುತ್ತದೆ. ನನಗೆ ಅದು ಗೊತ್ತಿರಬೇಕಿತ್ತು. ಬಹುಶಃ ಗೊತ್ತಿತ್ತು. ನಮ್ಮಜ್ಜ ಕುರಿಹಟ್ಟಿಯಲ್ಲಿ ಕೂತವನು ಕೂತಲ್ಲೇ ಸತ್ತ. ದೊಡ್ಡಪ್ಪ ಇಪ್ಪತ್ಮೂರಕ್ಕೆ ಸತ್ತ. ಇಬ್ಬರದೂ ಇದೇ ಬೆರಳು. ಬೀರಪ್ಪ ತನ್ನ ಚೀಲದವರನ್ನು ಬೇಗ ಕರೆಸಿಕೊಳ್ಳುತ್ತಾನೆ ಎಂದು ಮನೆಯಲ್ಲಿ ಹೇಳುತ್ತಾರೆ. ಹೃದಯದ ಬಡಿತದ ತಂತು ಕೆಟ್ಟರೆ ಹಾಗಾಗುತ್ತದೆ. ಅಪ್ಪನ ತಲೆ ಸುತ್ತು ಕೇಳಿದ್ದು ಅದಕ್ಕೆ. ಅವನ ಬಡಿತ ನೋಡಿಸಬೇಕು, ಬೇಗ.

ಅಪ್ಪನ ಜೀವಮಾನದ ಮರ್ಯಾದೆಯೆಲ್ಲ ಆ ಬೆರಳಿನಲ್ಲಿದೆ. ಅದು ರೋಗ ಎನ್ನಲು ನನಗೆ ಬಾಯಿ ಬರಲಿಲ್ಲ.

ಶೃತಿ


ಹೊಸಹಳ್ಳಿ ಹೋಬಳಿ
೨೦ ಫೆಬ್ರವರಿ ೨೦೨೫
(ಸ್ಪೀಡ್ ಪೋಸ್ಟ್)

ಶೃತಿ,

ಅವರ ಮರ್ಯಾದೆ ಬೆರಳಿನಲ್ಲಿತ್ತು. ನನ್ನದು ಎಲ್ಲಿತ್ತು? ನಿನಗೆ ಅದು ಯಾವ ಕಿಟಕಿಯಿಂದಲೂ ಕಾಣಲಿಲ್ಲ.

ಓದದವರು ಗೊತ್ತಿಲ್ಲದೇ ನನ್ನ ಮೇಲೆ ಹಾಕಿದರು. ನೀನು ಗೊತ್ತಿದ್ದೂ ಹಾಕಲು ಬಿಟ್ಟೆ. "ಖಂಡಿತ ಹೇಳಲು ಬರುವುದಿಲ್ಲ" ಅಂತ ಬರೆಯುವಾಗ ನಿನ್ನ ಎದೆಯ ಸ್ಕ್ಯಾನ್ ನಿನ್ನ ಟ್ರಂಕಿನಲ್ಲಿತ್ತು. ಕಟ್ಟೆಯ ಮೇಲೆ ಕೂರುವವರಿಗೆ ತಲೆಗೆ ಪಟಗ ಬೇಕೇಬೇಕು ಅಂತಿಲ್ಲ. ಬಿಳೀ ಕೋಟು ಹಾಕಿಕೊಂಡೂ ಕೂರಬಹುದು.

ಬೈದಾಯಿತು. ಈಗ ಕೆಲಸ. ನನಗೆ ಇನ್ನು ಬರೆಯಬೇಡ. ನಿಮ್ಮಪ್ಪನಿಗೆ ಬರೆ. ಈ ಊರಿನ ಮಾತಿನಲ್ಲಿ ಬರೆ. ಕಟ್ಟೆಯ ಮುಂದೆ ನಾನು ಓದುತ್ತೇನೆ. ಬರಬೇಡ ಅಂತ ನಾನು ಅನ್ನುವುದಿಲ್ಲ. ಬಾ ಅಂತಲೂ ಅನ್ನುವುದಿಲ್ಲ.

ಉಚ್ಚಂಗೆಮ್ಮ


ಪುಣೆ
೨೨ ಫೆಬ್ರವರಿ ೨೦೨೫
(ಸ್ಪೀಡ್ ಪೋಸ್ಟ್)

ಅಪ್ಪಾ,

ನಾನು ಶೃತಿ. ಇದನ್ನ ಉಚ್ಚಂಗಿ ಓದ್ತಾಳ. ಓದೋದು ಅಕಿ, ಮಾತು ನಂದು. ನಡುವ ಯಾರೂ ಬಾಯಿ ಹಾಕಬ್ಯಾಡ್ರಿ.

ಸಂಗಟ ಎರಡು ಎಕ್ಸ್-ರೇ ಫೋಟೋ ಇಟ್ಟೀನಿ. ಒಂದು ನನ್ನ ಕೈದು. ಹೆಬ್ಬೆರಳಾಗ ಎರಡು ಎಲುಬು ಇರಬೇಕು, ನನಗ ಮೂರದಾವ. ನಿನಗೂ ಮೂರು, ಬೀರೇಶಗೂ ಮೂರು. ಇನ್ನೊಂದು ನನ್ನ ಎದಿದು. ಒಳಗ ತೂತು ಐತಿ, ಎಕ್ಸ್-ರೇದಾಗ ಕಾಣಂಗಿಲ್ಲ, ಹಿಂದ ಡಾಕ್ಟರು ಬರೆದಾರ. ಕೂಸಿಗೂ ತೂತು ಐತಿ. ನನ್ನವ್ವ ಧರಣಿಗೆ ಕುಂತಿದ್ದಿಲ್ಲ. ನನ್ನವ್ವ ಒದರಿದ್ದಿಲ್ಲ. ಮತ್ತ ನನಗ ಹೆಂಗ ತೂತು ಬಿತ್ತು?

ಕೈ ಮೊಳಿಯೋ ಜಾಗದಾಗ, ಎದಿ ಕಟ್ಟೋ ಜಾಗದಾಗ ಒಂದೇ ಅಪ್ಪಣಿ ನಡೀತೈತಿ ಅಪ್ಪಾ. ನಮ್ಮ ಮನಿತನದಾಗ ಆ ಅಪ್ಪಣಿ ಅರ್ಧ ಆಗೈತಿ. ಅಜ್ಜಗ ಬಂತು, ನಿನಗ ಬಂತು, ನಿನ್ನಿಂದ ನನಗ ಬಂತು, ಅಣ್ಣನ ಒಳಗ ಅಡಗಿ ಕೂಸಿಗೆ ಬಂತು. ನಿನ್ನ ತಪ್ಪಲ್ಲ. ಅಜ್ಜನ ತಪ್ಪಲ್ಲ. ಹೊಳಿಸಾಲಿನಿಂದ ಬಂದಾಕಿದಂತೂ ಅಲ್ಲವೇ ಅಲ್ಲ.

ಭಂಡಾರ ಹಿಡಿ. ಬ್ಯಾಡ ಅನ್ನಂಗಿಲ್ಲ. ಆದ್ರ ಬೆರಳನ್ನ ನಮ್ಮದು ಅಂತ ಎತ್ತಿ ಹಿಡಿದು, ತೂತನ್ನ ಸೊಸಿ ಮೈಮ್ಯಾಲ ಎಸೀಬ್ಯಾಡ. ಕಟ್ಟಿಗೆ ತಪ್ಪು ಕಾಣಿಕಿ ಬೇಕಾ ಬೇಕು ಅಂದ್ರ ನನ್ನ ಹೆಸರು ಬರಕೊಳ್ರಿ. ಎರಡು ವರ್ಷದಿಂದ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕುಂತಾಕಿ ನಾನು. ಈಗಲೂ ಎದುರು ಬಂದು ಹೇಳಾಕ ಧೈರ್ಯ ಆಗ್ಲಿಲ್ಲ, ಕಾಗದ ಕಳಿಸೀನಿ.

ನಿನ್ನ ಮಗಳು,
ಶೃತಿ


ಹೊಸಹಳ್ಳಿ ಹೋಬಳಿ
೨ ಮಾರ್ಚ್ ೨೦೨೫

ಶೃತಿ,

ಓದಿದೆ. ಕೂಸನ್ನು ಎಡಗೈಯಲ್ಲಿ ಎತ್ತಿಕೊಂಡು ಬಲಗೈಯಲ್ಲಿ ನಿನ್ನ ಕಾಗದ ಹಿಡಿದು ನಿಂತೇ ಓದಿದೆ. ಧರಣಿಯಲ್ಲಿ ಕಲಿತ ದನಿ ಉಪಯೋಗಕ್ಕೆ ಬಂತು. ಕಟ್ಟೆಯ ಕೊನೆಯಲ್ಲಿ ಕೂತ ಕಿವುಡರಿಗೂ ಕೇಳಿಸಿತು.

ನಿನ್ನ ಕೈಯ ಫೋಟೋ ಬಿಸಿಲಿಗೆ ಹಿಡಿದು ತೋರಿಸಿದೆ. ಒಬ್ಬರು ಎದ್ದು "ದೇವರ ಬೆರಳಿಗೆ ರೋಗ ಅಂತೀಯೇನಬೇ? ನಾಲಿಗಿ ಬಿದ್ದೀತು" ಅಂದರು. ನಿಮ್ಮಪ್ಪ ಕೈಯನ್ನು ನಿಧಾನಕ್ಕೆ ಕಂಬಳಿಯೊಳಗೆ ಎಳೆದುಕೊಂಡರು. ನೀನು ದುಪಟ್ಟಾದೊಳಗೆ ಇಡುತ್ತಿದ್ದೆಯಲ್ಲ, ಹಾಗೆಯೇ.

ಆಗ ಎದ್ದದ್ದು ಯಾರು ಗೊತ್ತಾ? ನಿಮ್ಮಜ್ಜಿ ಓಬಮ್ಮ. ಹೆಂಗಸರು ಕೂತ ಕಡೆಯಿಂದ ಕೋಲೂರಿಕೊಂಡು ಬಂದು ನನ್ನ ಪಕ್ಕ ನಿಂತಳು. "ನನ್ನ ಗಂಡ ಸತ್ತಾಗ ಒಂದು ಸಲ, ಹಿರೇಮಗ ಸತ್ತಾಗ ಒಂದು ಸಲ, ಇದಾ ಕಟ್ಟಿ ಮುಂದ ಎರಡು ಸಲ ತಪ್ಪು ಕಾಣಿಕಿ ಹಾಕಿಸಿದ್ರಿ ನನ್ನ ಕಡಿಂದ. ನನ್ನ ಕಾಲ್ಗುಣ ಅಂದ್ರಿ. ಹಾಕಿದೆ. ಮಗನ ಬಂಗಾರಪ್ಪ, ಈಗ ನೀನಾ ಹೇಳಲೇ, ನಾ ಯಾವ ಧರಣಿಗೆ ಕುಂತಿದ್ದೆ?"

ತೀರ್ಪು ಆಗಲಿಲ್ಲ. ನಿಮ್ಮಪ್ಪ ಎದ್ದು ಹೋದರು. ಒಬ್ಬೊಬ್ಬರೇ ಚಪ್ಪಲಿ ಹುಡುಕಿಕೊಂಡು ಹೋದರು. ನಾನು ಗೆದ್ದೆ ಅಂದುಕೊಳ್ಳಬೇಡ. "ಮುದುಕಿಗೆ ಅರಳುಮರಳು, ಸೊಸಿ ತಲಿ ಕೆಡಿಸ್ಯಾಳ" ಅಂತ ಸಂಜೆಗೇ ಮಾತು ಹೊರಟಿತು.

ಮರುದಿನ ಬೆಳಿಗ್ಗೆ ನಾನು ಯಾರನ್ನೂ ಕೇಳಲಿಲ್ಲ. ಕೂಸು, ಕಾರ್ಡು, ಸ್ಕ್ಯಾನ್ ತೆಗೆದುಕೊಂಡು ಕೂಡ್ಲಿಗಿ ಬಸ್‌ಸ್ಟ್ಯಾಂಡಿಗೆ ಬಂದೆ. ನಿಮ್ಮಪ್ಪ ನನಗಿಂತ ಮೊದಲೇ ಬಂದು ಬೆಂಚಿನ ಮೇಲೆ ಕೂತಿದ್ದರು. "ಎಲ್ಲಿಗ್ರಿ ಮಾವ?" ಅಂದೆ. "ನೀ ಎಲ್ಲಿಗೋ ಅಲ್ಲಿಗೆ" ಅಂದರು. ಹುಬ್ಬಳ್ಳಿಯವರೆಗೆ ಕೂಸು ಅವರ ತೊಡೆಯ ಮೇಲೆ ಮಲಗಿತ್ತು.

ಆಸ್ಪತ್ರೆಯಲ್ಲಿ ಆಪರೇಷನ್ನಿನ ಒಪ್ಪಿಗೆ ಪತ್ರ ಮುಂದಿಟ್ಟರು. ಕೂಸಿನ ಅಪ್ಪ ಹಡಗಲಿ ಕಡೆ ಕುರಿ ಹಿಂದೆ ಇದ್ದಾನೆ ಅಂದೆ. "ತಾಯಿ ಇದೀರಲ್ಲಮ್ಮ, ತಾಯಿ ಸಹಿ ಸಾಕು" ಅಂದಳು ನರ್ಸು. ಸಾಕಂತೆ! ಎರಡು ತಿಂಗಳು ಕೂಸಿನ ಬೆವರು ಒರೆಸುತ್ತ ನಾನು ಗಂಡಸರ ಸಹಿಗೆ ಕಾದೆ. ಊರೂರಿಗೆ ಹೋಗಿ ಹಕ್ಕಿನ ಭಾಷಣ ಮಾಡಿದ ಬಾಯಿ ಇದು, ನನ್ನ ಕೂಸಿನ ಮೇಲೆ ನನ್ನ ಹಕ್ಕು ಎಷ್ಟು ಅಂತ ಒಬ್ಬರನ್ನೂ ಕೇಳಿರಲಿಲ್ಲ. ಸಹಿ ಮಾಡುವಾಗ ಪೆನ್ನು ಕಾಗದ ಹರಿಯುವಷ್ಟು ಒತ್ತಿದೆ.

ಆಮೇಲೆ ಡಾಕ್ಟರಮ್ಮ ಬಂದರು. ಎದೆ ನೋಡುವ ಮೊದಲು ಬೀರೇಶನ ಕೈ ನೋಡಿದರು. ಬೆಳ್ಳಿ ಉಂಗುರ ತೆಗೆಯಲು ಹೇಳಿದರು, ಆ ಬೆರಳನ್ನು ಮೂರು ಕಡೆ ಮಡಚಿ ನೋಡಿದರು. "ಮನೇಲಿ ಇನ್ಯಾರಿಗಾದ್ರೂ ಇಂಥ ಬೆರಳಿದೆಯಾ?" ಅಂತ ಕೇಳಿದರು.

ನಾನು ಬಾಯಿ ತೆರೆಯಲಿಲ್ಲ. ಈ ಒಂದು ಸಲ ನಾನು ಒದರಬಾರದು ಅಂತ ಹಲ್ಲು ಕಚ್ಚಿ ನಿಂತೆ.

ನಿಮ್ಮಪ್ಪ ಬಾಗಿಲ ಹತ್ತಿರ ಇದ್ದರು. ಆಮೇಲೆ ಮುಂದೆ ಬಂದು, ಕಂಬಳಿಯೊಳಗಿಂದ ಕೈ ತೆಗೆದು, ಅಂಗೈ ಮೇಲೆ ಮಾಡಿ ಟೇಬಲ್ಲಿನ ಮೇಲೆ ಇಟ್ಟರು. ಉಗುರಿನ ಸಂದಿಯಲ್ಲಿ ಅಮಾವಾಸ್ಯೆಯ ಭಂಡಾರ ಇನ್ನೂ ಹಳದಿಯಾಗಿತ್ತು. "ಐತ್ರಿ," ಅಂದರು. "ನನಗೈತಿ. ನನ್ನ ಮಗಳಿಗೈತಿ. ಬರಕೊಳ್ರಿ." ಅವರ ಎದೆಯ ಬಡಿತದ ಪಟ್ಟಿ ಅವತ್ತೇ ತೆಗೆದರು. ಸರಿಯಿಲ್ಲ. ಮತ್ತೆ ಕರೆದಿದ್ದಾರೆ.

ಕೂಸಿನ ಆಪರೇಷನ್ ಮಾರ್ಚ್ ೧೨ಕ್ಕೆ. ನಿದ್ದೆ ಇಲ್ಲ. ಏನಾಗುತ್ತದೋ ನೀನೂ ಖಂಡಿತ ಹೇಳಲಾರೆ, ಈ ಸಲ ಅದಕ್ಕೆ ನಿನ್ನನ್ನು ಬೈಯುವುದಿಲ್ಲ.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಆದರೂ ಈಗ ಅನ್ನುತ್ತೇನೆ: ಬಾ. ಆ ಟೇಬಲ್ಲಿನ ಮೇಲೆ ಇನ್ನೊಂದು ಕೈ ಇಡುವಷ್ಟು ಜಾಗ ಉಳಿದಿದೆ. ದುಪಟ್ಟಾ ಬೇಡ.

ಉಚ್ಚಂಗಿ